ಷಡ್ಡಕನ ಪಂಪು

ಕೌಂಟರಿನ ಆಚೆ, ಯಜಮಾನರ ಪಕ್ಕದ ಸ್ಟೂಲಿನ ಮೇಲೆ ಷಡ್ಡಕ ಕೂತಿದ್ದ. ಹೆಂಡತಿಯ ತಂಗಿಯ ಗಂಡನಾದವನು ಗುರುವಾರ ಬೆಳಿಗ್ಗೆ ಹನ್ನೊಂದು ಗಂಟೆಗೆ ಎಲ್ಲಿ ಬೇಕಾದರೂ ಕೂತಿರಬಹುದಿತ್ತು, ಕೂತದ್ದು ಇಲ್ಲಿ. ಕೈಯಲ್ಲಿ ಟೀ ಲೋಟ, ತೊಡೆಯ ಮೇಲೆ ಬಿಸ್ಕತ್ತಿನ ಡಬ್ಬಿ, ಡಬ್ಬಿಯ ತುಂಬ ಹಿತ್ತಾಳೆಯ ನಟ್ಟುಗಳು. ಒಂದೊಂದನ್ನೇ ಎತ್ತಿ ಬೆಳಕಿಗೆ ಹಿಡಿದು ಏನೋ ಹೇಳುತ್ತಿದ್ದ, ಯಜಮಾನರು ಹೊಟ್ಟೆ ಕುಲುಕಿಸಿ ನಗುತ್ತಿದ್ದರು. ಸಾಮಾನು ಕೊಳ್ಳಲು ಬಂದ ಅವನು, ಷಡ್ಡಕನನ್ನು ಕಂಡು ಹೊಸ್ತಿಲಲ್ಲೇ ನಿಂತ. ಆರು ವರ್ಷ. ಆರು ವರ್ಷದಿಂದ ಅವನು ಹಳೇ ಕಾರಿನ ಸಾಮಾನಿನ ಈ ಅಂಗಡಿಗೆ ಬರುತ್ತಿದ್ದಾನೆ. ಯಜಮಾನರು ನಗುವುದನ್ನು ನೋಡಿದ್ದು ಇದೇ ಮೊದಲು. ಅವರಿಗೆ ಮೇಲಿನ ಸಾಲಿನಲ್ಲಿ ಎರಡು ಹಲ್ಲಿಲ್ಲ ಎಂಬುದೂ ಇವತ್ತೇ ಗೊತ್ತಾದದ್ದು. ಓಡಾಡುವುದಕ್ಕೆ ಒಂದು ಆಳು ಅಗಲದ ಜಾಗ, ಸೂರಿನ ತನಕ ಡಬ್ಬಿಗಳು, ಸೀಮೆಎಣ್ಣೆ ಮತ್ತು ಹಳೇ ರಬ್ಬರಿನ ವಾಸನೆ, ಕೇಳಿ ಮುಗಿಸುವುದರೊಳಗೆ ‘ಇಲ್ಲ’ ಎನ್ನುವ ಮನುಷ್ಯ: ಈ ಅಂಗಡಿ ಅಂದರೆ ಅವನಿಗೆ ಇಷ್ಟೇ ಆಗಿತ್ತು. ಕೌಂಟರಿನ ಆಚೆ ಒಂದು ಸ್ಟೂಲಿದೆ, ಆ ಸ್ಟೂಲಿನ ಮೇಲೆ ಮನುಷ್ಯರು ಕೂರಬಹುದು ಎಂದು ಅವನು ಯೋಚಿಸಿಯೇ ಇರಲಿಲ್ಲ. ಅವನದೂ ಅಂಗಡಿಯೇ, ಔಷಧಿ ಅಂಗಡಿ. ಕೌಂಟರಿನ ಒಳಗೆ ಒಬ್ಬನನ್ನು ಬಿಟ್ಟುಕೊಳ್ಳುವುದು ಅಂದರೆ ಏನರ್ಥ ಎಂದು ಯಾರೂ ಅವನಿಗೆ ಬಿಡಿಸಿ ಹೇಳಬೇಕಿರಲಿಲ್ಲ.

“ಬನ್ನಿ ಸಾರ್, ಏನು ಬೇಕಿತ್ತು?” ಅಂದರು ಯಜಮಾನರು. ನಗುವಿನ ಬಾಲ ಇನ್ನೂ ಬಾಯಲ್ಲಿ ಉಳಿದಿತ್ತು, ಅದನ್ನು ಒರೆಸಿಕೊಂಡು ಕೇಳಿದರು. ಏನು ಬೇಕಿತ್ತು! ಗುರುತು ಪರಿಚಯ ಇಲ್ಲದವರು ಕೆಮ್ಮಿನ ಔಷಧಿಗೆ ಬಂದಾಗ ಅವನೂ ಇದೇ ಧಾಟಿಯಲ್ಲಿ ಕೇಳುತ್ತಾನೆ.

“ವಾಟರ್ ಪಂಪು,” ಅಂದ.

“ಹಳೇದೆಲ್ಲಿ?”

“ಗಾಡೀಲೇ ಇದೆ. ಸೋರ್ತಾ ಇದೆ. ನಿಮಗೆ ಗೊತ್ತಲ್ಲ ಯಜಮಾನರೇ, ನಮ್ಮ ಮಾವನ ಗಾಡಿ. ಮೊದಲಿಂದ ಎಲ್ಲಾ ಸಾಮಾನೂ ನಿಮ್ಮ ಹತ್ರಾನೇ ತಗೊಂಡಿದ್ದೀನಿ.”

“ಬಿಚ್ಚಿ ತನ್ನಿ ಸಾರ್. ಪಕ್ಕದಲ್ಲಿಟ್ಟು ನೋಡದೆ ನಾನು ನಮ್ಮಪ್ಪ ಬಂದ್ರೂ ಕೊಡಲ್ಲ.”

ಇದು ಯಜಮಾನರ ಕಟ್ಟಳೆ. ಕೆಟ್ಟದ್ದನ್ನು ಕೌಂಟರಿನ ಮೇಲಿಡಬೇಕು, ಅವರು ಒಳ್ಳೆಯದನ್ನು ಅದರ ಪಕ್ಕದಲ್ಲಿಡುತ್ತಾರೆ, ಎರಡರ ಮೇಲೂ ಬೆರಳಾಡಿಸಿ ತೂತು ಎಣಿಸುತ್ತಾರೆ, ಅಂಚು ಸವರುತ್ತಾರೆ, ಆಮೇಲೆ ‘ಹ್ಞೂಂ’ ಅನ್ನುತ್ತಾರೆ. ಚೀಟಿ ಇಲ್ಲದೆ ಮಾತ್ರೆ ಕೊಡುವುದಿಲ್ಲ ಎಂದು ಅವನು ದಿನಕ್ಕೆ ಹತ್ತು ಜನರಿಗೆ ಹೇಳುವುದೂ ಇಂಥದ್ದೇ. ಆದರೆ ಅವನ ಅಂಗಡಿಯಲ್ಲಿ ಬೇಕಾದವರಿಗೆ ಚೀಟಿ ಕೇಳುವುದಿಲ್ಲ. ಅವರ ಮುಖವೇ ಚೀಟಿ. ಆರು ವರ್ಷವಾದರೂ ತನ್ನ ಮುಖ ಇಲ್ಲಿ ಚೀಟಿಯಾಗಲಿಲ್ಲವಲ್ಲ ಎಂದು ಅವನಿಗೆ ಕಿವಿಯ ತುದಿ ಬಿಸಿಯಾಯಿತು.

“ನನ್ನನ್ನೂ ಹಂಗೇ ಓಡಾಡ್ಸಿದ್ರು ಭಾವ,” ಅಂದ ಷಡ್ಡಕ ಸಮಾಧಾನಕ್ಕೆ. “ಮೂರು ಸಲ! ಕೊನೆಗೆ ಪಂಪು ಬಿಚ್ಕೊಂಡು ಬಂದು ಇವರ ಮುಂದೆ ಕುಕ್ಕಿದೆ. ಆಮೇಲೇ ಇವರು ಬಾಯಿ ಬಿಟ್ಟಿದ್ದು.” ಯಜಮಾನರು ಷಡ್ಡಕನ ಬೆನ್ನಿಗೊಂದು ಗುದ್ದಿದರು. ಅವರ ತಲೆಯ ಮೇಲಿನ ಹಲಗೆಯಲ್ಲಿ ಪಂಪು ಇತ್ತು. ಒಂದೇ ಒಂದು. ಕುತ್ತಿಗೆಗೆ ದಾರ, ದಾರಕ್ಕೆ ರಟ್ಟಿನ ತುಂಡು, ರಟ್ಟಿನ ಮೇಲೆ ಯಜಮಾನರ ಸೊಟ್ಟ ಅಕ್ಷರದಲ್ಲಿ ಷಡ್ಡಕನ ಹೆಸರು. ಲಿಫ್ಟ್ ಕಂಪನಿಯ ಮೇಲ್ವಿಚಾರಕನಾಗಿ ದಿನವಿಡೀ ಜನರನ್ನು ಮೇಲಕ್ಕೂ ಕೆಳಕ್ಕೂ ಕಳಿಸುವವನ ಹೆಸರು. ಬೇರಿಂಗಿಗೆ ಗ್ರೀಸ್ ತುಂಬುವುದಿದೆ, ನಾಳೆ ಸಿಗುತ್ತದೆ, ಭಾನುವಾರಕ್ಕೆ ಗಾಡಿ ಎದ್ದು ನಿಲ್ಲುತ್ತದೆ ಎಂದು ಷಡ್ಡಕ ಹೇಳುತ್ತಿದ್ದ. ಭಾನುವಾರ ಎಂಬ ಮಾತು ಬಂದಾಗ ಅವನು ಡಬ್ಬಿಗಳ ಕಡೆ ತಿರುಗಿ, ಏನನ್ನೋ ಹುಡುಕುವವನ ಹಾಗೆ, ಏನನ್ನೂ ಓದದೆ ಚೀಟಿಗಳನ್ನು ಓದಿದ.

ಭಾನುವಾರ ಮಾವನಿಗೆ ಎಂಬತ್ತು ತುಂಬುತ್ತದೆ. ಊಟಗೀಟ ಬೇಡ, ನೆಂಟರು ಬೇಡ, ಹಳೇ ಸೇತುವೆಯ ತನಕ ಆ ಕಾರಿನಲ್ಲಿ ಒಂದು ಸುತ್ತು ಹೋಗಿಬರಬೇಕು ಎಂದಿದ್ದರು ಮಾವ. ‘ಆ ಕಾರು’ ಅಂದರೆ ಯಾವುದು? ಎರಡಿವೆಯಲ್ಲ. ಒಂದು ಮಾವನೇ ಇಪ್ಪತ್ತೆರಡು ವರ್ಷ ಓಡಿಸಿದ್ದು, ಆಮೇಲೆ ಬಚ್ಚಲ ಹಿಂದೆ ತುಕ್ಕು ಹಿಡಿದು ನಿಂತದ್ದು, ಗುಜರಿಗೆ ಹಾಕಲು ಹೊರಟಾಗ ದೊಡ್ಡಳಿಯನಾದ ಅವನು ಬೇಡಿ ತಂದದ್ದು. ಇನ್ನೊಂದು, ಅದೇ ಮಾಡೆಲ್ಲು, ಅದೇ ಕೆನೆ ಬಣ್ಣ, ಎರಡು ವರ್ಷದ ಹಿಂದೆ ಚಿಕ್ಕಳಿಯ ಎಲ್ಲಿಂದಲೋ ಹುಡುಕಿ ತಂದದ್ದು. “ಯಾವುದು ಮೊದಲು ಏಳುತ್ತೋ ಅದರಲ್ಲೇ ಹೋಗೋಣ, ನನಗೇನು?” ಎಂದು ಮಾವ ನಕ್ಕಿದ್ದರು. ಅವರಿಗೆ ಅದು ತಮಾಷೆ. ಅವನಿಗಲ್ಲ. ಮಾವ ಆ ನಕಲಿ ಕಾರಿನ ಮುಂದಿನ ಸೀಟಿನಲ್ಲಿ ಕೂತು ಕಿಟಕಿಗೆ ಮೊಣಕೈ ಊರುವುದು, ಪಕ್ಕದಲ್ಲಿ ಷಡ್ಡಕ, ಹಿಂದೆ ಅಕ್ಕತಂಗಿಯರು, ದಾರಿಬದಿಯಲ್ಲಿ ಅವನೊಬ್ಬ ಕೈ ಬೀಸುತ್ತ ನಿಂತಿರುವುದು — ಇದನ್ನು ಅವನು ಮಾತ್ರೆ ಎಣಿಸುವಾಗ, ಹಲ್ಲುಜ್ಜುವಾಗ ಎಷ್ಟು ಸಲ ನೋಡಿದ್ದನೆಂದರೆ ನಡೆದುಹೋದ ಸಂಗತಿಯೇನೋ ಎಂಬಷ್ಟು ಅದು ಪಳಗಿತ್ತು.

ತಪ್ಪು ಅವನದೇ. ಹಳೇ ಕಾರಿನ ಹುಚ್ಚಿನವರು ಮನೆಯ ಬೀಗದ ಕೈ ಎಲ್ಲಿಡುತ್ತೇವೆಂದು ಬೇಕಾದರೆ ಹೇಳಿಯಾರು, ಸಾಮಾನು ಎಲ್ಲಿ ಸಿಕ್ಕಿತೆಂದು ಸತ್ತರೂ ಹೇಳುವುದಿಲ್ಲ. ಅವನು ಹೇಳಿದ. ಹೇಳಿದ್ದೇನು, ಕೈ ಹಿಡಿದು ಕರೆದುಕೊಂಡು ಬಂದ. ಆಗ ಷಡ್ಡಕ ವಾರವಾರವೂ ಶೆಡ್ಡಿಗೆ ಬಂದು, “ಭಾವ, ಈ ಬಾಗಿಲ ಹಿಡಿ ಎಲ್ಲಿ ಸಿಕ್ತು? ಈ ದೀಪದ ಬಳೆ? ನಿಮಗೆ ಹೆಂಗೆ ಸಿಗುತ್ತೆ ಭಾವ ಇದೆಲ್ಲಾ?” ಎಂದು ಕಣ್ಣರಳಿಸುತ್ತಿದ್ದ. ಮಾವನ ಮನೆಯ ಕಡೆಯವರಲ್ಲಿ ಅವನನ್ನು ನೋಡಿ ಯಾರಾದರೂ ಕಣ್ಣರಳಿಸಿದ್ದು ಅದೇ ಮೊದಲು. ಮೂರು ವಾರ ತಡೆದುಕೊಂಡ, ನಾಲ್ಕನೆಯ ವಾರ ಉಬ್ಬಿ, ‘ಬಾ, ತೋರಿಸ್ತೀನಿ’ ಎಂದುಬಿಟ್ಟ. ಅವತ್ತು ಯಜಮಾನರಿಗೆ “ಇವನು ನಮ್ಮ ಷಡ್ಡಕ, ಕಲೀತಿದ್ದಾನೆ, ಸ್ವಲ್ಪ ನೋಡ್ಕೊಳ್ಳಿ” ಎಂದು ಬೇರೆ ಹೇಳಿದ್ದ. ನೋಡಿಕೊಂಡರು. ಎರಡೇ ತಿಂಗಳಲ್ಲಿ ಷಡ್ಡಕ ಯಜಮಾನರ ಅಂಗಡಿಯ ಷಟರ್ ಸರಿಮಾಡಿಕೊಟ್ಟ, ಅವರ ಮಗಳ ಮನೆಯ ಮಿಕ್ಸಿ ಸರಿಮಾಡಿದ, ಮೊಣಕಾಲು ನೋವಿಗೆ ಎಣ್ಣೆ ತಂದುಕೊಟ್ಟ. ಎಣ್ಣೆ! ಔಷಧಿ ಅಂಗಡಿ ಇಟ್ಟುಕೊಂಡವನಿಗೆ ಆರು ವರ್ಷದಲ್ಲಿ ಆ ಮುದುಕ ಕುಂಟುತ್ತಾರೆಂಬುದು ಕಣ್ಣಿಗೆ ಬಿದ್ದಿರಲಿಲ್ಲ. ಬಿದ್ದಿತ್ತು. ಕೇಳಬೇಕೆಂದು ತೋಚಿರಲಿಲ್ಲ. ಇದನ್ನು ನೆನೆದಾಗೆಲ್ಲ ಅವನಿಗೆ ತನ್ನ ಮೇಲೆ ಬರಬೇಕಾದ ಸಿಟ್ಟು ಆ ಎಣ್ಣೆಯ ಬಾಟಲಿಯ ಮೇಲೆ ಬರುತ್ತಿತ್ತು.

ಮನೆಯಲ್ಲಿ ಹೆಂಡತಿ ಬಟ್ಟೆ ಮಡಿಸುತ್ತಿದ್ದಳು. “ಪಂಪು ಸಿಕ್ತೇನ್ರೀ?” ಅಂದಳು. ಇಲ್ಲ ಅಂದ. “ಅವನಿಗೆ ಸಿಕ್ತಂತೆ. ತಂಗಿ ಫೋನ್ ಮಾಡಿದ್ಲು. ನೀವೂ ಅವನ ಹತ್ರಾನೇ ಒಂದು ಮಾತು ಹೇಳಿಸಬಾರದಾಗಿತ್ತಾ?” ಕತ್ತರಿಯಿಲ್ಲದೆ ಕತ್ತರಿಸುವುದು ಅಂದರೆ ಇದೇ. ಅವಳಿಗೆ ಅದು ಗೊತ್ತೂ ಇಲ್ಲ, ದಿಂಬಿನ ಚೀಲವನ್ನು ಎದೆಗೆ ಒತ್ತಿಕೊಂಡು ನಾಲ್ಕು ಮೂಲೆ ಸರಿ ಮಾಡುತ್ತಿದ್ದಾಳೆ. ನಾನು ಪರಿಚಯ ಮಾಡಿಸಿದ ಅಂಗಡಿಯಲ್ಲಿ ನನ್ನ ಪರವಾಗಿ ಅವನು ಮಾತು ಹೇಳಬೇಕೇ? ಕೇಳಲಿಲ್ಲ, ಕೈಕಾಲು ತೊಳೆಯಲು ಹೋದ. ನಲ್ಲಿಯ ಕೆಳಗೆ ಕೈ ಹಿಡಿದು ನಿಂತಾಗ ಮಾವನ ಮನೆಯ ಊಟದ ಮೇಜು ನೆನಪಾಯಿತು. ಮಾವ ಅವನಿಗೆ “ನೀವು ಇನ್ನೊಂದು ಸ್ವಲ್ಪ ಹಾಕಿಸ್ಕೊಳ್ಳಿ” ಅನ್ನುತ್ತಾರೆ. ಷಡ್ಡಕನಿಗೆ ‘ತಿನ್ನೋ, ಕಳ್ಳ!’ ಮದುವೆಯಾದ ಹೊಸದರಲ್ಲಿ ಆ ‘ನೀವು’ ಅವನಿಗೆ ಹೂವಿನ ಹಾರದ ಹಾಗೆ ಇತ್ತು. ಚಿಕ್ಕಳಿಯ ಬಂದ ಮೇಲೆ ಅದು ಬಾಗಿಲಾಯಿತು. ಆಚೆ ನಿಲ್ಲಿಸಿ ಮರ್ಯಾದೆಯಾಗಿ ಮಾತಾಡಿಸುವ ಬಾಗಿಲು. ಹಾಗೆಂದು ಯಾರ ಹತ್ತಿರ ದೂರುವುದು? ಹೊಟ್ಟೆಕಿಚ್ಚು ಎಂದು ಅದಕ್ಕೊಂದು ಹೆಸರಿದೆ, ಹೆಸರು ಅವನಿಗೂ ಗೊತ್ತಿದೆ. ನಲ್ವತ್ತೊಂಬತ್ತು ವರ್ಷದ ಗಂಡಸು, ನಾಲ್ಕು ಜನ ಮರ್ಯಾದೆ ಕೊಡುವವನು, ಒಂದು ಸ್ಟೂಲಿಗೂ ಒಂದು ಬೈಗುಳಕ್ಕೂ ಹೊಟ್ಟೆ ಉರಿದುಕೊಳ್ಳುತ್ತಿದ್ದಾನೆ ಅಂದರೆ ಕೇಳಿದವರು ನಗುತ್ತಾರೆ. ನೀರು ಹರಿಯುತ್ತಲೇ ಇತ್ತು. ಹೆಂಡತಿ ಒಳಗಿನಿಂದ, ನಲ್ಲಿ ನಿಲ್ಲಿಸಿ ಎಂದಳು.

ಮಾರನೆಯ ದಿನ ಷಡ್ಡಕನದೇ ಫೋನು. “ಭಾವ, ಒಂದು ಉಪಕಾರ ಆಗಬೇಕು. ಆಸ್ಪತ್ರೇಲಿ ಲಿಫ್ಟ್ ಕೂತುಬಿಟ್ಟಿದೆ, ಈಗಲೇ ಪಕ್ಕದ ಊರಿಗೆ ಹೊರಟಿದ್ದೀನಿ, ನಾಳೆ ಸಂಜೆ ಬರ್ತೀನಿ. ಯಜಮಾನರು ಮಧ್ಯಾಹ್ನವೇ ಅಂಗಡಿ ಮುಚ್ಚಿ ಮಗಳ ಮನೆಗೆ ಹೋಗ್ತಾರೆ, ಇನ್ನು ಸೋಮವಾರಾನೇ. ನನ್ನ ಪಂಪು ನೀವು ಈಸ್ಕೊಂಡು ಇಟ್ಕೊಂಡಿರ್ತೀರಾ? ನಿಮ್ಮ ಕೈಗೆ ಕೊಡಿ ಅಂತ ಹೇಳಿದ್ದೀನಿ.” ಅದಕ್ಕೇನಂತೆ ಎಂದ. ಅಷ್ಟು ಸಲೀಸಾಗಿ ಅಂದದ್ದು ತಾನೇ ಎಂದು ಫೋನು ಇಟ್ಟ ಮೇಲೂ ಅವನಿಗೆ ನಂಬಿಕೆ ಬರಲಿಲ್ಲ. ಬಸ್ಸು ಹಿಡಿದು ಹೋದ. ಯಜಮಾನರು ಆಗಲೇ ಚಪ್ಪಲಿ ಹಾಕಿಕೊಂಡಿದ್ದರು. ಪಂಪನ್ನು ಹಳೇ ಪತ್ರಿಕೆಯಲ್ಲಿ ಮಗುವಿಗೆ ಸುತ್ತಿದ ಹಾಗೆ ಸುತ್ತಿ ಕೊಟ್ಟರು. “ಹುಷಾರು ಸಾರ್, ಎರಕದ್ದು. ಬಗ್ಗೋದಿಲ್ಲ, ಒಡೆಯತ್ತೆ.” ಆಮೇಲೆ, “ನಿಮ್ಮದು ಬಿಚ್ಚಿದ್ರಾ?” ಇಲ್ಲ ಎಂದ. ಅವರು ನಿಟ್ಟುಸಿರು ಬಿಟ್ಟು ಷಟರ್ ಎಳೆದರು. ಷಟರ್ ಸದ್ದಿಲ್ಲದೆ, ಬೆಣ್ಣೆ ಸವರಿದ ಹಾಗೆ ಇಳಿಯಿತು. “ಒಳ್ಳೇ ಕೈ ಕಣ್ರೀ ನಿಮ್ಮ ಹುಡುಗನದ್ದು,” ಅಂದರು ಯಜಮಾನರು, ಅದೇನೋ ಅವನೇ ಹೆತ್ತು ಸಾಕಿದ ಹುಡುಗ ಎಂಬಂತೆ. ಇದು ಹೊಗಳಿಕೆಯಲ್ಲಿ ತನಗೂ ಒಂದು ಪಾಲು ಕೊಟ್ಟ ಮಾತು ಎಂದು ಅವನಿಗೆ ಆಗ ಕಾಣಲಿಲ್ಲ.

ಬಸ್ಸಿನಲ್ಲಿ ಪಂಪು ತೊಡೆಯ ಮೇಲಿತ್ತು. ಇಷ್ಟೇ ಇಷ್ಟು ವಸ್ತು, ಎಂಥ ಭಾರ. ಒಂದು ದಿನದ ಮಟ್ಟಿಗೆ ಎಂಬ ಮಾತು ಯಾವ ನಿಲ್ದಾಣದಲ್ಲಿ ಹತ್ತಿತೋ ಗೊತ್ತಿಲ್ಲ, ಪಕ್ಕದಲ್ಲೇ ಕೂತು ಇಳಿಯಲೇ ಇಲ್ಲ. ಒಂದೇ ದಿನ. ಭಾನುವಾರ ತನ್ನ ಗಾಡಿಗೆ ಹಾಕುವುದು, ಮಾವನನ್ನು ಅವರದೇ ಗಾಡಿಯಲ್ಲಿ ಸೇತುವೆಗೆ ಕರೆದುಕೊಂಡು ಹೋಗಿಬರುವುದು, ಸೋಮವಾರ ಬಿಚ್ಚಿ ಒರೆಸಿ, ‘ಈಗ ಸಿಕ್ತು ನೋಡಪ್ಪ’ ಎಂದು ಷಡ್ಡಕನ ಕೈಗಿಡುವುದು. ಕದಿಯುವುದಲ್ಲ, ಎರವಲು. ಇನ್ನು ನ್ಯಾಯ ನೋಡಿದರೆ ಮಾವ ಕೂರಬೇಕಾದದ್ದು ಯಾವ ಗಾಡಿಯಲ್ಲಿ? ಹೆಂಡತಿ ಐದು ವರ್ಷದವಳಿದ್ದಾಗ ವಾಂತಿ ಮಾಡಿದ ಸೀಟು ಯಾವುದರಲ್ಲಿದೆ? ಹೀಗೆ ತನಗೆ ತಾನೇ ವಕೀಲನಾಗಿ, ತನಗೆ ತಾನೇ ನ್ಯಾಯಾಧೀಶನಾಗಿ, ಇಳಿಯುವ ನಿಲ್ದಾಣ ಬರುವಷ್ಟರಲ್ಲಿ ತೀರ್ಪೂ ಬರೆದುಕೊಂಡಿದ್ದ. ಸಂಜೆ ಷಡ್ಡಕ ಫೋನು ಮಾಡಿದಾಗ, “ನಾನು ಹೋಗೋಷ್ಟರಲ್ಲಿ ಅಂಗಡಿ ಮುಚ್ಚಿತ್ತು ಕಣಪ್ಪ” ಎಂದ. ಬೈಯಲಿ, ಒಂದು ಸಲ ಬೈದುಬಿಡಲಿ ಎಂದು ಅವನು ಕಾದ. “ಹೋಗ್ಲಿ ಬಿಡಿ ಭಾವ. ಅಷ್ಟು ದೂರ ಸುಮ್ಸುಮ್ನೆ ಅಲೆಸಿದ ಹಾಗಾಯ್ತು ನಿಮ್ಮನ್ನ, ಬೇಜಾರು ಮಾಡ್ಕೋಬೇಡಿ,” ಎಂದ ಷಡ್ಡಕ. ಬೈದಿದ್ದರೆ ಅವನು ಪಂಪು ಕೊಟ್ಟುಬಿಡುತ್ತಿದ್ದನೇನೋ.

ಶನಿವಾರ ಮಧ್ಯಾಹ್ನ ಅಂಗಡಿಗೆ ಬೇಗ ಬಾಗಿಲು ಹಾಕಿ ಶೆಡ್ಡಿಗೆ ಇಳಿದ. ಹಿತ್ತಲಿನ ತಗಡಿನ ಶೆಡ್ಡು, ಒಂದು ಕಿಟಕಿ, ಕಿಟಕಿಯ ಬಿಸಿಲು ಕಾರಿನ ಮೂತಿಯ ಮೇಲೆ ಬಿದ್ದಿತ್ತು. ನೀರು ಇಳಿಸಿ, ಬೆಲ್ಟು ಸಡಿಲಿಸಿ, ತನ್ನ ಹಳೇ ಪಂಪು ಬಿಚ್ಚಿದ. ಅದು ತುಕ್ಕಿನ ಕಣ್ಣೀರು ಸುರಿಸುತ್ತಲೇ ಕೈಗೆ ಬಂತು. ಪಕ್ಕಕ್ಕೆ ಎಸೆದ. ಪಕ್ಕದಲ್ಲಿಟ್ಟು ನೋಡಲಿಲ್ಲ. ಯಜಮಾನರು ಇಲ್ಲಿಲ್ಲವಲ್ಲ, ಯಾರ ಕಟ್ಟಳೆ ಯಾರಿಗೆ! ಪತ್ರಿಕೆ ಬಿಚ್ಚಿ, ರಟ್ಟಿನ ಚೀಟಿಯನ್ನು ಓದದೆ ಹರಿದು, ಹೊಸದನ್ನು ಎತ್ತಿ ಹಿಡಿದ. ಮೊದಲ ಬೋಲ್ಟು ಕೂತಿತು. ಎರಡನೆಯದು, ಮೂರನೆಯದು. ನಾಲ್ಕನೆಯದು ಕೂರಲಿಲ್ಲ. ತಿರುಗಿಸಿ ನೋಡಿದ, ಬಗ್ಗಿ ನೋಡಿದ, ಟಾರ್ಚು ಬಿಟ್ಟು ನೋಡಿದ. ಪಂಪಿನ ಕಿವಿಯ ತೂತು ಇಂಜಿನ್ನಿನ ತೂತಿಗಿಂತ ಅರ್ಧ ಬೆರಳು ಆಚೆಗಿತ್ತು. ಮಾವನದು ಆ ಮಾಡೆಲ್ಲಿನ ಮೊಟ್ಟಮೊದಲ ಕಂತಿನ ಗಾಡಿ, ಷಡ್ಡಕನದು ಎರಡು ವರ್ಷ ಕಿರಿಯದು. ಆ ಎರಡು ವರ್ಷದಲ್ಲಿ ಕಂಪನಿಯವರು ದೀಪ ಬದಲಾಯಿಸಿದ್ದು ಅವನಿಗೆ ಗೊತ್ತು, ಬಾಗಿಲ ಹಿಡಿ ಬದಲಾಯಿಸಿದ್ದು ಗೊತ್ತು, ತಾನು ಈ ಗಾಡಿಯ ಮೈಮೇಲಿನ ಮಚ್ಚೆಮಚ್ಚೆ ಬಲ್ಲವನು ಎಂದು ಬೀಗುತ್ತಿದ್ದ. ಪಂಪು ಬದಲಾಯಿಸಿದ್ದು ಗೊತ್ತಿರಲಿಲ್ಲ. ಷಡ್ಡಕನ ಪಂಪು ಷಡ್ಡಕನ ಗಾಡಿಗೆ ಮಾತ್ರ ಕೂರುತ್ತಿತ್ತು. ಅವನಿಗೆ ಅದು ಸಾಮಾನು ಮಾಡಿದ ಅವಮಾನದ ಹಾಗೆ ಕಂಡಿತು. ಮನುಷ್ಯರು ಸಾಲದು ಎಂದು ಕಬ್ಬಿಣವೂ ಆ ಕಡೆ ಸೇರಿಕೊಂಡಿದೆ.

ಅಲ್ಲಿಗೆ ನಿಲ್ಲಿಸಬಹುದಿತ್ತು. ಪತ್ರಿಕೆಯಲ್ಲಿ ಸುತ್ತಿ, ಸಂಜೆ ಷಡ್ಡಕ ಬಂದ ಕೂಡಲೇ ಏನಾದರೊಂದು ಕಥೆ ಕಟ್ಟಿ ಕೊಟ್ಟುಬಿಡಬಹುದಿತ್ತು. ಅವನು ಅರ ತೆಗೆದುಕೊಂಡ. ತೂತನ್ನು ಸ್ವಲ್ಪ ಆಚೆಗೆ ಉಜ್ಜಿದರೆ ಬೋಲ್ಟು ಹೋಗುತ್ತದೆ, ಷಡ್ಡಕನಿಗೂ ಏನೂ ತೊಂದರೆಯಿಲ್ಲ, ತೂತು ಸ್ವಲ್ಪ ಉದ್ದವಾಗಿರುತ್ತದೆ ಅಷ್ಟೇ. ಒಂದು ಗಂಟೆ ಉಜ್ಜಿದ. ಬೂದು ಪುಡಿ ಅಂಗೈಯ ಗೆರೆಗಳಲ್ಲಿ ತುಂಬಿಕೊಂಡಿತು. “ಆಯ್ತೇನ್ರೀ?” ಎಂದು ಹೆಂಡತಿ ಹಿಂಬಾಗಿಲಿಂದ ಕೂಗಿದಳು. “ಆಗ್ತಾ ಇದೆ,” ಎಂದ. ಅವಳ ದನಿಯಲ್ಲಿ ಆಸೆ ಇತ್ತು, ಅಪ್ಪನನ್ನು ಆ ಕಾರಿನಲ್ಲಿ ನೋಡುವ ಆಸೆ, ಎಷ್ಟೋ ವರ್ಷದ ಮೇಲೆ ಅವಳ ಆಸೆಯೊಂದು ತನ್ನ ಕೈಯಲ್ಲಿತ್ತು ಎಂದು ಅವನಿಗೆ ಎದೆ ತುಂಬಿತು. ನಾಲ್ಕನೆಯ ಬೋಲ್ಟು ಹೋಯಿತು. ಹೋಯಿತು! ಸ್ಪ್ಯಾನರ್ ಹಾಕಿ ಬಿಗಿದ. ಇನ್ನೊಂದು ಸುತ್ತು. ನೀರು ಸೋರಬಾರದಲ್ಲ, ಇನ್ನರ್ಧ ಸುತ್ತು. ಟಕ್ ಎಂದಿತು. ಅಷ್ಟೇ ಸದ್ದು, ಅಡಿಕೆ ಕಚ್ಚಿದಷ್ಟು. ಪಂಪಿನ ಕಿವಿ ಬುಡಸಮೇತ ಮುರಿದು, ಬೋಲ್ಟಿನ ಜೊತೆ ಅವನ ಅಂಗೈಗೆ ಬಂತು. ಅವನು ಬಹಳ ಹೊತ್ತು ಆ ತುಂಡನ್ನು ಹಿಡಿದು ಕೂತಿದ್ದ. ಮುರಿದ ಜಾಗ ಬೆಳ್ಳಗೆ, ಸಕ್ಕರೆಯ ಹಾಗೆ ಕಾಳುಕಾಳಾಗಿತ್ತು. ನಾಚಿಕೆ ಬಂತು, ಭಯ ಬಂತು; ಅದರ ಅಡಿಯಲ್ಲಿ, ಒಪ್ಪಿಕೊಳ್ಳಲು ಬಾಯಿ ಬರದಿದ್ದರೂ, ಒಂದು ತಣ್ಣನೆಯ ಸಮಾಧಾನವೂ ಇತ್ತು. ಇನ್ನು ಷಡ್ಡಕನ ಗಾಡಿಯೂ ಏಳುವುದಿಲ್ಲ. ಪಂಪನ್ನೂ ತುಂಡನ್ನೂ ಎಣ್ಣೆಬಟ್ಟೆಯಲ್ಲಿ ಸುತ್ತಿ, ಬೆಂಚಿನ ಮೇಲೆ ಉಳಿದ ಚಿಂದಿಗಳ ನಡುವೆ ಇಟ್ಟ. ಪೆಟ್ಟಿಗೆಯಲ್ಲಿಟ್ಟು ಬೀಗ ಹಾಕಿದರೆ ಕಳ್ಳತನವಾಗುತ್ತದೆ ಅನ್ನಿಸಿತ್ತು.

ಭಾನುವಾರ ಹತ್ತು ಗಂಟೆಗೆ ಬರುತ್ತೇವೆಂದವರು ಎಂಟಕ್ಕೇ ಬಂದರು. ಷಡ್ಡಕ ಕಂಪನಿಯ ಕಾರಿನಲ್ಲಿ ಮಾವನನ್ನೂ ನಾದಿನಿಯನ್ನೂ ಕೂರಿಸಿಕೊಂಡು ಬಂದಿದ್ದ. ಹಬ್ಬದ ದಿನದಂಥ ಮುಖ, ಕೆಲಸದ ಹಳೇ ಬಟ್ಟೆ. ಮಾವ ಇಸ್ತ್ರಿ ಮಾಡಿದ ಷರಟು ತೊಟ್ಟು, ಕೋಲೂರಿಕೊಂಡು ನೇರ ಶೆಡ್ಡಿಗೇ ಬಂದು ತಮ್ಮ ಕಾರಿನ ಬಾನೆಟ್ಟಿನ ಮೇಲೆ ಕೈ ಇಟ್ಟರು. ಇಟ್ಟ ಕೈ ತೆಗೆಯಲಿಲ್ಲ. ಅವನು, “ಪಂಪು ಸಿಗಲಿಲ್ಲ ಮಾವ, ಇವತ್ತಿಗೆ ಆಗಲ್ಲ,” ಎನ್ನುವಷ್ಟರಲ್ಲಿ ಷಡ್ಡಕ ತೋಳು ಮಡಿಸುತ್ತ ಬಂದಿದ್ದ. “ಯಾಕೆ ಆಗಲ್ಲ? ನಿಮ್ಮ ಹಳೇ ಪಂಪನ್ನೇ ಮತ್ತೆ ಕಟ್ಟೋಣ ಭಾವ. ಸೋರುತ್ತೆ ತಾನೇ, ಸೋರಲಿ. ಎರಡು ಕ್ಯಾನು ನೀರು ಇಟ್ಕೊಳ್ಳೋಣ. ಸೇತುವೆ ಏನು ದೇಶಾಂತರವಾ? ದಾರೀಲಿ ನಾಲ್ಕು ಸಲ ನಿಲ್ಲಿಸಿ ಕುಡಿಸಿದ್ರಾಯ್ತು. ನನ್ನ ಗಾಡಿ ಯಾವತ್ತಾದ್ರೂ ಏಳಲಿ. ಮಾವ ಓಡಿಸಿದ್ದು ಇದನ್ನ, ಇದರಲ್ಲೇ ಹೋಗ್ಬೇಕು.” ಎರಡು ಕ್ಯಾನು ನೀರು. ಆರು ವರ್ಷ ಈ ಗಾಡಿಯ ಜೊತೆ ಬದುಕಿದವನಿಗೆ ಎರಡು ಕ್ಯಾನು ನೀರು ಹೊಳೆದಿರಲಿಲ್ಲ. ಮಾವನ ಮುಖ ಅರಳಿತು. “ಆಗತ್ತಾ?” ಎಂದು ಅವರು ಕೇಳಿದ್ದು ಅವನನ್ನು, ದೊಡ್ಡಳಿಯನನ್ನು. “ಆಗುತ್ತೆ ಮಾವ,” ಎಂದ. ಆ ಕ್ಷಣ ಅವನ ಎದೆಯಲ್ಲಿ ಷಡ್ಡಕನ ಮೇಲೆ ಪ್ರೀತಿಯಂಥದ್ದೇ ಏನೋ ಎದ್ದಿತ್ತು, ಸುಳ್ಳಲ್ಲ.

ಷಡ್ಡಕ ನೆಲದ ಮೇಲೆ ಕೂತು ಹಳೇ ಪಂಪು ಎತ್ತಿಕೊಂಡ, ಒರೆಸಲು ಬಟ್ಟೆಗೆಂದು ಬೆಂಚಿನತ್ತ ಕೈ ಚಾಚಿದ. ಅವನು ನೋಡುತ್ತಲೇ ಇದ್ದ. ಚಿಂದಿ ಎಳೆದಾಗ ಅದರೊಳಗಿನದು ಬೆಂಚಿನ ಮೇಲೆ ಉರುಳಿ, ಮುರಿದ ತುಂಡು ನೆಲಕ್ಕೆ ಬಿತ್ತು. ಷಡ್ಡಕ ಎರಡನ್ನೂ ಎತ್ತಿಕೊಂಡ. ಪಂಪಿನ ಹೊಸ ಕಬ್ಬಿಣವನ್ನು ನೋಡಿದ, ಕುತ್ತಿಗೆಯಲ್ಲಿ ಉಳಿದಿದ್ದ ದಾರದ ಗಂಟನ್ನು ನೋಡಿದ, ಅರ ಹೊಡೆದ ತೂತಿನೊಳಗೆ ಹೆಬ್ಬೆರಳಿಟ್ಟು ನಿಧಾನವಾಗಿ ಸವರಿದ, ಯಜಮಾನರು ಸವರುವ ಹಾಗೆಯೇ. ಆಮೇಲೆ ತಲೆಯೆತ್ತಿ ಅವನನ್ನು ನೋಡಿದ. ಸಿಟ್ಟಿರಲಿಲ್ಲ ಆ ಕಣ್ಣಲ್ಲಿ. ಆಶ್ಚರ್ಯ ಇತ್ತು, ಅದು ಕರಗಿ ಇನ್ನೇನೋ ಆಗುತ್ತಿತ್ತು, ಅದು ಕನಿಕರ ಎಂದು ಅವನಿಗೆ ತಿಳಿಯಲು ತಡವಾಗಲಿಲ್ಲ. ಹಿಂಬಾಗಿಲಲ್ಲಿ ಹೆಂಡತಿ ಟೀ ತಟ್ಟೆ ಹಿಡಿದು ನಿಂತಿದ್ದಳು, ಬೆನ್ನ ಹಿಂದೆ ನಾದಿನಿ.

“ಅದೇನೋ ಅದು?” ಎಂದರು ಮಾವ.

“ಇದಾ ಮಾವ? ನನ್ನ ಗಾಡೀದು, ಕೆಟ್ಟಿದ್ದು. ಭಾವನಿಗೆ ಏನಾದ್ರೂ ಉಪಯೋಗಕ್ಕೆ ಬರುತ್ತೇನೋ ಅಂತ ನಾನೇ ತಂದಿಟ್ಟಿದ್ದೆ.” ಎಷ್ಟು ಸಲೀಸಾಗಿ ಬಂತು. ಉಸಿರಾಡಿದಷ್ಟು ಸಲೀಸು.

“ನೋಡಿದ್ರಾ,” ಎಂದು ಮಾವ ಅವನ ಕಡೆ ತಿರುಗಿ ನಕ್ಕರು. “ತನ್ನ ಗಾಡಿ ಕೂತಿದ್ರೂ ನಿಮ್ಮದನ್ನ ಎಬ್ಬಿಸೋಕೆ ಒದ್ದಾಡ್ತಾನೆ, ಮುಂಡೇದು.”

ಮುಗಿದಿತ್ತು. ಸುಮ್ಮನಿದ್ದರೆ ಸಾಕಿತ್ತು. ಅರ್ಧ ಗಂಟೆಯಲ್ಲಿ ಪಂಪು ಕೂರುತ್ತಿತ್ತು, ಮಾವ ತಮ್ಮ ಸೀಟಿನಲ್ಲಿ ಕೂರುತ್ತಿದ್ದರು, ಸ್ಟೀರಿಂಗ್ ಅವನ ಕೈಯಲ್ಲಿರುತ್ತಿತ್ತು, ಅವನು ವಾರವಿಡೀ ಯಾವುದಕ್ಕಾಗಿ ಬೆಂದನೋ ಅದು ತಾನಾಗಿ ಬಂದು ಮಡಿಲಿಗೆ ಬಿದ್ದಿತ್ತು. ಆದರೆ ಅದನ್ನು ಮಡಿಲಿಗೆ ಹಾಕಿದವನು ಷಡ್ಡಕ. ಇನ್ನು ಬದುಕಿರುವ ತನಕ, ಮಾವನ ಮನೆಯ ಊಟದ ಮೇಜಿನಲ್ಲಿ, ಯಜಮಾನರ ಅಂಗಡಿಯಲ್ಲಿ, ಷಡ್ಡಕ ಏನೂ ಹೇಳದೆ ಅವನನ್ನು ನೋಡಿ ನಗುತ್ತಾನೆ, ಒಳ್ಳೆಯ ನಗೆ, ಕಪಟವಿಲ್ಲದ ನಗೆ. ಕದ್ದದ್ದನ್ನು ಕ್ಷಮಿಸುವುದರಲ್ಲೂ ಇವನೇ ಮುಂದೆ. ಸುಳ್ಳು ಹೇಳುವುದರಲ್ಲೂ ನನ್ನ ಸುಳ್ಳಿಗಿಂತ ಇವನ ಸುಳ್ಳೇ ಚೆಂದ. ಅಷ್ಟನ್ನು ಇವನಿಗೆ ಬಿಟ್ಟುಕೊಡಲು ಅವನಿಂದಾಗಲಿಲ್ಲ. ಪಶ್ಚಾತ್ತಾಪ ಎಂದು ಆಮೇಲೆ ಯಾರಾದರೂ ಅಂದರೆ ಅದು ತಪ್ಪು. ಅದಾಗಿರಲಿಲ್ಲ ಎಂದು ಅವನಿಗೆ ಆಗಲೇ ಗೊತ್ತಿತ್ತು.

“ಅದು ನಾನು ಮುರಿದದ್ದು,” ಎಂದ. ಅದು ಷಡ್ಡಕನಿಗಷ್ಟೇ ಕೇಳಿಸಿತು.

“ಏನಂದ್ರಿ?” ಎಂದರು ಮಾವ. “ಸ್ವಲ್ಪ ಗಟ್ಟಿಯಾಗಿ ಹೇಳಿ.”

ಷಡ್ಡಕ ಬೇಡ ಎಂಬಂತೆ ತಲೆಯಾಡಿಸಿದ. ಅದು ಸಾಕಾಯಿತು. “ಅವನ ಪಂಪು ಮಾವ! ಹೊಸದು! ಅಂಗಡಿಯಿಂದ ತಂದ್ಕೊಡಿ ಅಂತ ನನಗೆ ಹೇಳಿದ್ದ. ಅಂಗಡಿ ಮುಚ್ಚಿತ್ತು ಅಂತ ಸುಳ್ಳು ಹೇಳಿ ನನ್ನ ಗಾಡಿಗೆ ಹಾಕೋಕೆ ಹೋದೆ. ಕೂರಲಿಲ್ಲ. ಮುರಿದುಹಾಕಿದೆ!” ಅಕ್ಕಪಕ್ಕದ ಮನೆಗೂ ಕೇಳುವಷ್ಟು ಗಟ್ಟಿಯಾಗಿ, ತಗಡು ಅದುರುವಷ್ಟು ಗಟ್ಟಿಯಾಗಿ ಹೇಳಿದ.

ಮಾವ ಅವನನ್ನು ನೋಡಲಿಲ್ಲ. ಅವರು ಷಡ್ಡಕನನ್ನು ನೋಡುತ್ತಿದ್ದರು. “ಮತ್ತೆ ನೀನ್ಯಾಕೋ ನಂದು ಕೆಟ್ಟಿದ್ದು ಅಂದೆ?” ಎಂದು ಮೆಲ್ಲಗೆ ಕೇಳಿದರು. ಷಡ್ಡಕ ತಲೆ ತಗ್ಗಿಸಿಕೊಂಡು ಅಂಗೈಯ ಮಸಿ ಒರೆಸಿಕೊಳ್ಳುತ್ತಿದ್ದ. ಮಾವ ಕೋಲನ್ನು ಎಡಗೈಗೆ ಬದಲಾಯಿಸಿ, ಬಲಗೈಯನ್ನು ಷಡ್ಡಕನ ಕತ್ತಿನ ಮೇಲಿಟ್ಟರು. ಒಂದು ಸಲ ಒತ್ತಿದರು, ತೆಗೆಯಲಿಲ್ಲ. ಆಗ ಅವನಿಗೆ ತಾನು ಏನು ಮಾಡಿದೆನೆಂದು ಅರ್ಥವಾಯಿತು. ಸುಮ್ಮನಿದ್ದಿದ್ದರೆ ಷಡ್ಡಕನ ದೊಡ್ಡತನ ಅವರಿಬ್ಬರ ನಡುವೆ ಉಳಿಯುತ್ತಿತ್ತು. ಈಗ ಅದನ್ನು ಅವನೇ ಕೂಗಿ ಕರೆದು ಊರಿಗೆಲ್ಲ ತೋರಿಸಿದ್ದ.

“ನಡಿಯಪ್ಪ,” ಎಂದರು ಮಾವ ಷಡ್ಡಕನಿಗೆ. “ನೀನು ತಂದ ಕಾರಲ್ಲೇ ಹೋಗೋಣ. ಸೇತುವೆ ಎಲ್ಲಿಗೂ ಓಡಿಹೋಗಲ್ಲ.” ತಮ್ಮ ಹಳೇ ಕಾರನ್ನು ತಿರುಗಿ ನೋಡದೆ ಹೊರಗೆ ನಡೆದರು. ನಾದಿನಿ ಅವರ ಹಿಂದೆ ಹೋದಳು. ಹೆಂಡತಿ ತಟ್ಟೆಯನ್ನು ಬೆಂಚಿನ ಮೇಲಿಟ್ಟು, ಅವನ ಮುಖವನ್ನು ಒಂದು ಗಳಿಗೆ ನೋಡಿ, “ಸುಮ್ನೆ ಇರೋಕೂ ಬರಲ್ವಲ್ರೀ ನಿಮಗೆ,” ಎಂದಳು. ಬೈಗುಳವಾಗಿರಲಿಲ್ಲ ಅದು, ಸುಸ್ತಾಗಿತ್ತು. ಸೆರಗಿಗೆ ಕೈ ಒರೆಸಿಕೊಂಡು ಅವಳೂ ಹೋದಳು. ಬೀದಿಯಿಂದ ಬಾಗಿಲುಗಳ ಸದ್ದು ಕೇಳಿಸಿತು. ಆಮೇಲೆ ಷಡ್ಡಕ ಮತ್ತೆ ಬಂದ, ಶೆಡ್ಡಿನ ಒಳಗೆ ಕಾಲಿಡದೆ ಹೊರಗೇ ನಿಂತು ಹೇಳಿದ: “ಹಿಂದೆ ಜಾಗ ಇದೆ, ಬನ್ನಿ ಭಾವ.”

ಬರುವುದಿಲ್ಲ ಎನ್ನಬೇಕೆಂದಿದ್ದ. ಆದರೆ ತಾನಿಲ್ಲದ ಆ ಕಾರಿನಲ್ಲಿ ಏನು ನಡೆಯುತ್ತದೆಂದು ಅವನಿಗೆ ಕಣ್ಣಿಗೆ ಕಟ್ಟಿದಂತೆ ಕಂಡಿತು. ಮಾವ ಏನಾದರೊಂದು ಬಿರುಸಾಗಿ ಅನ್ನುತ್ತಾರೆ. ‘ಪಾಪ, ಬಿಡಿ ಮಾವ, ಭಾವ ಒಳ್ಳೆಯವರೇ’ ಎಂದು ಷಡ್ಡಕ ಅನ್ನುತ್ತಾನೆ. ಹೆಂಡತಿ ಅದನ್ನು ಕೇಳಿ ಕಣ್ಣು ಒರೆಸಿಕೊಳ್ಳುತ್ತಾಳೆ. ಅವನು ಕೈ ತೊಳೆಯದೆ ಹೋಗಿ ಹಿಂದಿನ ಸೀಟಿನಲ್ಲಿ, ಅಕ್ಕತಂಗಿಯರ ನಡುವೆ, ಮೊಣಕಾಲು ಎದೆಗೆ ತಾಗಿಸಿಕೊಂಡು ಕೂತ. ಮಾವ ಕಿಟಕಿಗೆ ಮೊಣಕೈ ಊರಿದರು. ಬೀದಿಯ ಕೊನೆಯಲ್ಲಿ ರಸ್ತೆ ಅಗೆದಿದ್ದರು. ಷಡ್ಡಕ ಮುದುಕರಿಗೆ ಅಲುಗಬಾರದೆಂದು ಗೇರು ಇಳಿಸಿ, ಹಳ್ಳದೊಳಗೆ ಚಕ್ರವನ್ನು ಕೈ ಹಿಡಿದು ಇಳಿಸಿದಷ್ಟು ನಿಧಾನವಾಗಿ ಇಳಿಸಿ, ಹಾಗೆಯೇ ಹತ್ತಿಸಿದ. ಎಷ್ಟು ಚೆನ್ನಾಗಿ ಓಡಿಸುತ್ತಾನೆ ಅನ್ನಿಸಿತು. ಅನ್ನಿಸಿದ್ದಕ್ಕೆ ಮತ್ತೆ ಹೊಟ್ಟೆ ಉರಿಯಿತು.